ಕ್ವೇಲ್ ತತ್ತಿಗೆ ಮನೆಯಲ್ಲೇ ಕಾವು: ನಮ್ಮ ಬಾಗಲಕೋಟೆ ಬಿಸಿಲಿಗೆ ಹೊಂದುವ 18 ದಿನದ ಲೆಕ್ಕ

ಹುನಗುಂದ, ಇಳಕಲ್, ಬಾದಾಮಿ ಕಡೆಯ ಹುಡುಗರು ಫೋನ್ ಮಾಡಿ ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: "ಸರ್, ಕ್ವೇಲ್ ತತ್ತಿ ತಂದೆ, ಮಷಿನ್ ತಂದೆ, ಯೂಟ್ಯೂಬಿನಾಗ ಹೇಳಿದಂಗ ಎಲ್ಲಾ ಮಾಡಿದೆ. ಐವತ್ತು ಇಟ್ಟರ ಹತ್ತೇ ಮರಿ ಬಂದ್ವು. ಎಲ್ಲಿ ತಪ್ಪೈತಿ?"

ಮಷಿನ್ ಯಾವ ಕಂಪನಿದು ಅಂತ ನಾನು ಮೊದಲು ಕೇಳುವುದಿಲ್ಲ. ಯಾವ ತಿಂಗಳು ಇಟ್ಟಿರಿ, ಯಾವ ಕೋಣೆಯಲ್ಲಿ ಇಟ್ಟಿರಿ, ತತ್ತಿ ಎಷ್ಟು ದಿನದ್ದು, ಈ ಮೂರು ಕೇಳುತ್ತೇನೆ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕೇರಳದ ತೇವದ ಹವಾದಲ್ಲಿ ಮಾಡಿದ ವಿಡಿಯೋ ನೋಡಿ ಬಾಗಲಕೋಟೆಯ ಒಣಹವಾದಲ್ಲಿ ತತ್ತಿ ಇಟ್ಟರೆ ಫಲ ಬೇರೆಯೇ ಬರುತ್ತದೆ. ಈ ವಾರ ನಮ್ಮ ಹವಾಕ್ಕೆ ಹೊಂದುವ ಹಾಗೆ ಕ್ವೇಲ್ ತತ್ತಿಗೆ ಕಾವು ಕೊಡುವ ಕ್ರಮವನ್ನು ಮೊದಲಿಂದ ಕೊನೆತನಕ ನೋಡೋಣ.

ಯಾವ ಹಕ್ಕಿ, ಯಾವುದಲ್ಲ

ಸಾಕುವ ಕ್ವೇಲ್ ಅಂದರೆ ಜಪಾನಿ ಗೌಜಲ ಹಕ್ಕಿ. ನಮ್ಮ ದೇಶಕ್ಕೆ ಇದು ಬಂದದ್ದು 1974ರಲ್ಲಿ. ಉತ್ತರ ಪ್ರದೇಶದ ಬರೇಲಿ ಹತ್ತಿರದ ಇಜ್ಜತ್‌ನಗರದಲ್ಲಿ ಸಾಕಿ, ಅಲ್ಲಿನ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯಲ್ಲಿ ತಳಿ ಅಭಿವೃದ್ಧಿ ಮಾಡಿದರು. ಕಡಲೆ ಹೊಲದಲ್ಲಿ, ಬದುವಿನ ಹುಲ್ಲಿನಲ್ಲಿ ಪುರ್ರನೆ ಏಳುವ ನಮ್ಮ ಲಾವಕ್ಕಿ ಬೇರೆ. ಅದನ್ನು ಬಲೆ ಹಾಕಿ ಹಿಡಿಯುವುದು, ಅದರ ತತ್ತಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊಲದಾಗ ಸಿಕ್ಕ ತತ್ತಿ ಮಷಿನ್‌ಗೆ ಹಾಕಿ ನೋಡೋಣ ಅಂತ ಯಾರೂ ಕೈ ಹಾಕಬೇಡ್ರಿ. ಸಾಕುವ ಕ್ವೇಲ್ ತಂದಾಗ ಮಾರಿದವರಿಂದ ಬಿಲ್ ಪಡೆದು ಫೋನಿನಲ್ಲಿ ಫೋಟೋ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಸಾಕು ಕ್ವೇಲ್ ತತ್ತಿ ಇಡುತ್ತದೆ, ಕಾವಿಗೆ ಕೂರುವುದಿಲ್ಲ. ಹೆಚ್ಚು ತತ್ತಿ ಇಡುವ ಹಕ್ಕಿಯನ್ನೇ ತಲೆಮಾರುಗಟ್ಟಲೆ ಆರಿಸಿದ್ದರಿಂದ ಆ ಗುಣ ಹೊರಟುಹೋಗಿದೆ. ಜವಾರಿ ಕೋಳಿ ಕೆಳಗೆ ಇಟ್ಟರೆ ಮರಿ ಆಗುತ್ತದೆ ನಿಜ, ಆದರೆ ಹತ್ತು ಹನ್ನೆರಡು ಗ್ರಾಮಿನ ತತ್ತಿ ಅದರ ಕಾಲ ಕೆಳಗೆ ಒಡೆಯುವುದೇ ಹೆಚ್ಚು. ಆದ್ದರಿಂದ ಪೆಟ್ಟಿಗೆಯ ಕಾವೇ ಗತಿ.

ತತ್ತಿ ಆರಿಸುವಾಗಲೇ ಅರ್ಧ ಕೆಲಸ

ಅಂಗಡಿಯಲ್ಲಿ ಡಬ್ಬಿಯೊಳಗೆ ಮಾರುವ ತಿನ್ನುವ ತತ್ತಿ ನಂಬಬೇಡ್ರಿ. ತಿನ್ನುವ ತತ್ತಿಗೆ ಗಂಡು ಬೇಕಾಗಿಲ್ಲ. ಗಂಡು ಇಲ್ಲದ ಗುಂಪಿನ ತತ್ತಿಯಿಂದ ಮರಿ ಬರುವುದಿಲ್ಲ. ಮರಿಗೆಂದೇ ಸಾಕಿದ ಗುಂಪಿನ ತತ್ತಿ ಬೇಕು. ಅಲ್ಲಿ ಎರಡು ಮೂರು ಹೆಣ್ಣಿಗೆ ಒಂದು ಗಂಡು ಇರಬೇಕು. ಹೆಣ್ಣು ಸುಮಾರು ಎರಡೂವರೆ ತಿಂಗಳಿಂದ ಏಳೆಂಟು ತಿಂಗಳೊಳಗಿನದಾದರೆ ಒಳ್ಳೆಯದು. ಒಡಹುಟ್ಟಿದ ಹಕ್ಕಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಕ್ವೇಲಿನಲ್ಲಿ ಫಲ ಬೇಗ ಕುಸಿಯುತ್ತದೆ. ನಾಲ್ಕು ಮಂದಿ ಗೆಳೆಯರು ಸೇರಿ ಸಾಕುತ್ತಿದ್ದರೆ ಪ್ರತಿ ತಲೆಮಾರಿಗೆ ಗಂಡುಗಳನ್ನು ಅದಲುಬದಲು ಮಾಡಿಕೊಳ್ಳಿ. ಇದಕ್ಕೆ ದುಡ್ಡು ಖರ್ಚಿಲ್ಲ.

ಕ್ವೇಲ್ ಹೆಚ್ಚಾಗಿ ತತ್ತಿ ಇಡುವುದು ಮಧ್ಯಾಹ್ನದ ಮೇಲೆ, ಸಂಜೆಗೆ. ಕೋಳಿಯ ಹಾಗೆ ಬೆಳಗ್ಗೆ ಒಮ್ಮೆ ನೋಡಿ ಬಿಟ್ಟರೆ ತತ್ತಿ ರಾತ್ರಿಯಿಡೀ ಹೊಲಸಿನಲ್ಲಿ ಬಿದ್ದಿರುತ್ತದೆ. ದೀಪ ಹಚ್ಚುವ ಹೊತ್ತಿಗೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಆರಿಸಿಕೊಳ್ಳಿ.

ಬಿರುಕು ಬಿಟ್ಟದ್ದು, ಅತಿ ಸಣ್ಣದ್ದು, ಅತಿ ದೊಡ್ಡದ್ದು, ಚಿಪ್ಪು ಮೆತ್ತಗಿರುವುದು, ಪೂರಾ ಬಿಳಿ ಸುಣ್ಣ ಮೆತ್ತಿದ ಹಾಗಿರುವುದು ಬೇಡ. ತತ್ತಿ ತೊಳೆಯಬೇಡ್ರಿ. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ, ರೋಗಾಣು ಒಳಗೆ ಹೋಗದಂತೆ ತಡೆಯುವುದು ಅದೇ. ಸ್ವಲ್ಪ ಹೊಲಸು ಇದ್ದರೆ ಒಣಬಟ್ಟೆಯಿಂದ ಒರೆಸಿ, ಬಹಳ ಇದ್ದರೆ ಆ ತತ್ತಿ ಬಿಡಿ.

ತತ್ತಿ ಕೂಡಿಸಿಡಲು 15ರಿಂದ 18 ಡಿಗ್ರಿ ತಂಪು ಬೇಕು, ಏಳು ದಿನಕ್ಕಿಂತ ಹೆಚ್ಚು ಇಡಬಾರದು. ನಮ್ಮ ಕಡೆ ಎಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಪತ್ರಾಸದ ಶೆಡ್ಡಿನಲ್ಲಿ ತತ್ತಿ ಇಟ್ಟರೆ ಏನಾಗುತ್ತದೆ? ಒಳಗಿನ ಜೀವ ಅರೆಬರೆ ಬೆಳೆಯಲು ಶುರು ಮಾಡಿ ಅಲ್ಲೇ ಸಾಯುತ್ತದೆ. ಹೊರಗಿಂದ ಏನೂ ಗೊತ್ತಾಗುವುದಿಲ್ಲ. ಸುಲಭದ ಉಪಾಯ ಹೇಳ್ತೀನಿ: ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವಿನ ಸಂದಿಗೆ ಉಸುಕು ತುಂಬಿ ದಿನಕ್ಕೆರಡು ಸಲ ನೀರು ಹಾಕಿ. ಒಳಗಿನ ಗಡಿಗೆಯಲ್ಲಿ ತತ್ತಿ ಚೂಪುತುದಿ ಕೆಳಗೆ ಮಾಡಿ ಇಟ್ಟು ಒಣಬಟ್ಟೆ ಮುಚ್ಚಿ. ನಮ್ಮ ಒಣಹವಾದಲ್ಲಿ ಇದು ಚಲೋ ಕೆಲಸ ಮಾಡುತ್ತದೆ. ಅಷ್ಟಾದರೂ ಬೇಸಿಗೆಯಲ್ಲಿ ಮೂರು ನಾಲ್ಕು ದಿನದೊಳಗೆ ಕಾವಿಗೆ ಹಾಕಿಬಿಡಿ.

ದೂರದಿಂದ ಬಸ್ಸಿನಲ್ಲಿ ತರಿಸಿದ ತತ್ತಿಯನ್ನು ಇಳಿಸಿದ ಕೂಡಲೇ ಪೆಟ್ಟಿಗೆಗೆ ಹಾಕಬೇಡ್ರಿ. ಚೂಪುತುದಿ ಕೆಳಗೆ ಮಾಡಿ ಒಂದು ರಾತ್ರಿ ತಂಪು ಜಾಗದಲ್ಲಿ ಸುಮ್ಮನೆ ಬಿಡಿ. ಕುಲುಕಾಟದಿಂದ ಅಲುಗಿದ ಗಾಳಿಗೂಡು ತನ್ನ ಜಾಗಕ್ಕೆ ಬರಲಿ.

ಪೆಟ್ಟಿಗೆ: ಕೊಂಡರೂ ಸರಿ, ಮಾಡಿದರೂ ಸರಿ

ಅರವತ್ತು ತತ್ತಿಯ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಬಹುದು. ಬೇಕಾಗುವುದು ಇಷ್ಟು:

- ದಪ್ಪ ಥರ್ಮಾಕೋಲ್ ಡಬ್ಬಿ, ಮೇಲೆ ನೋಡಲು ಗಾಜಿನ ಕಿಂಡಿ
- 40 ವ್ಯಾಟಿನ ಹಳೇ ನಮೂನೆ ಬಲ್ಬು ಎರಡು. ಎಲ್‌ಇಡಿ ನಡೆಯುವುದಿಲ್ಲ, ಅದು ಬಿಸಿ ಕೊಡುವುದಿಲ್ಲ
- ಡಿಜಿಟಲ್ ಥರ್ಮೋಸ್ಟ್ಯಾಟ್ ಒಂದು
- ಕಂಪ್ಯೂಟರಿನ ಸಣ್ಣ ಫ್ಯಾನ್, 12 ವೋಲ್ಟಿನದು
- ತೇವ ಅಳೆಯುವ ಮೀಟರ್
- ಅಗಲ ಬಾಯಿಯ ನೀರಿನ ತಟ್ಟೆ, ತಂತಿ ಜಾಳಿಗೆ

ಎರಡು ಬಲ್ಬು ಯಾಕೆ ಅಂದರೆ ಒಂದು ಸುಟ್ಟರೂ ಇನ್ನೊಂದು ನಡೆಯುತ್ತಿರಲಿ ಅಂತ. ಥರ್ಮೋಸ್ಟ್ಯಾಟಿನ ಸೆನ್ಸರ್ ತತ್ತಿಯ ಎತ್ತರಕ್ಕೇ ಇರಬೇಕು, ಬಲ್ಬಿನ ಬೆಳಕು ನೇರ ಅದರ ಮೇಲೆ ಬೀಳಬಾರದು. ಕೆಳಗೆ ಎರಡು, ಮೇಲೆ ಎರಡು ಬೆರಳು ಗಾತ್ರದ ತೂತು ಇರಲಿ. ತತ್ತಿಯೊಳಗಿನ ಮರಿಗೂ ಉಸಿರು ಬೇಕು. ಪೆಟ್ಟಿಗೆಯಲ್ಲಿ ನೀರೂ ಇದೆ, 230 ವೋಲ್ಟೂ ಇದೆ. ವೈರಿಂಗ್ ಗೊತ್ತಿದ್ದವರ ಕೈಯಲ್ಲಿ ಮಾಡಿಸಿ, ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ. ಪೆಟ್ಟಿಗೆ ಇಡುವ ಮೇಜಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಡಿ. ಹುಟ್ಟುವ ಹೊತ್ತಿಗೆ ಇರುವೆ ಮುತ್ತಿದರೆ ಒಂದು ಮರಿಯೂ ಉಳಿಯುವುದಿಲ್ಲ.

ಕರೆಂಟ್ ಖರ್ಚು? ಎರಡು ಬಲ್ಬು ಅರ್ಧ ಹೊತ್ತು ಉರಿಯುತ್ತವೆ ಅಂತ ಹಿಡಿದರೆ ದಿನಕ್ಕೆ ಸುಮಾರು ಒಂದು ಯೂನಿಟ್. ಒಂದು ಸರತಿಗೆ 18 ಯೂನಿಟ್ ಆಸುಪಾಸು.

ಮೀಟರನ್ನು ನಂಬುವ ಮುಂಚೆ ಪರೀಕ್ಷೆ ಮಾಡಿ

ಎಲ್ಲ ಸರಿ ಇದ್ದು ಮರಿ ಬಾರದಿದ್ದರೆ ನಾನು ಮೊದಲು ಅನುಮಾನ ಪಡುವುದು ಮೀಟರಿನ ಮೇಲೆ. ಅಗ್ಗದ ಮೀಟರ್ ಒಂದು ಡಿಗ್ರಿ ತಪ್ಪು ತೋರಿಸಿದರೂ ಕ್ವೇಲಿಗೆ ಅದು ದೊಡ್ಡದು.

ಉಷ್ಣತೆಗೆ: ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಮತ್ತು ಥರ್ಮೋಸ್ಟ್ಯಾಟಿನ ಸೆನ್ಸರ್ ತುದಿ ಎರಡನ್ನೂ ಜೊತೆಗೆ ಹಿಡಿಯಿರಿ. ಜ್ವರದ ಥರ್ಮಾಮೀಟರ್ 37.5 ತೋರಿಸುವಾಗ ಇನ್ನೊಂದು 38.3 ತೋರಿಸಿದರೆ, 0.8 ಹೆಚ್ಚು ತೋರಿಸುತ್ತದೆ ಅಂತಾಯಿತು. ಸೆಟ್ಟಿಂಗ್ ಹಾಗೇ ಬದಲಿಸಿ.

ತೇವಕ್ಕೆ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರಿನಿಂದ ಹಸಿ ಮಾಡಿ. ಉಪ್ಪು ಕರಗಬಾರದು, ಬರೀ ಒದ್ದೆಯಾಗಬೇಕು. ಮುಚ್ಚಳವನ್ನೂ ಮೀಟರನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಾಳಿ ಆಡದಂತೆ ಕಟ್ಟಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೀಟರ್ 75 ತೋರಿಸಬೇಕು. 68 ತೋರಿಸಿದರೆ ನಿಮ್ಮ ಮೀಟರ್ 7 ಕಡಿಮೆ ತೋರಿಸುತ್ತದೆ. ಮೇಲೆ ಸ್ಕೆಚ್ ಪೆನ್ನಿನಿಂದ ಬರೆದಿಡಿ.

ಇವೆರಡೂ ಆದ ಮೇಲೆ ತತ್ತಿ ಇಲ್ಲದೆ ಖಾಲಿ ಪೆಟ್ಟಿಗೆಯನ್ನು ಒಂದು ಪೂರ್ತಿ ದಿನ ಓಡಿಸಿ. ಹಗಲು, ರಾತ್ರಿ ಎರಡೂ ಹೊತ್ತು ಸ್ಥಿರವಾಗಿ ನಿಂತರೆ ಮಾತ್ರ ತತ್ತಿ ಇಡಿ.

18 ದಿನದ ಪಟ್ಟಿ

ಲೆಕ್ಕ ಹೀಗೆ: ಸೋಮವಾರ ಸಂಜೆ ಇಟ್ಟರೆ ಮಂಗಳವಾರ ಸಂಜೆಗೆ ಒಂದು ದಿನ. ಅದಾದ ಎರಡನೇ ಸೋಮವಾರ ಸಂಜೆಗೆ 14 ದಿನ, ಅದೇ ವಾರ ಗುರುವಾರ ಸಂಜೆಗೆ 17 ದಿನ.

1ರಿಂದ 14ನೇ ದಿನ: ಉಷ್ಣತೆ 37.5 ಡಿಗ್ರಿ (ಫ್ಯಾನ್ ಇಲ್ಲದ ಪೆಟ್ಟಿಗೆಯಾದರೆ ತತ್ತಿಯ ಮೇಲ್ಮೈಯಲ್ಲಿ 38.5). ತೇವ 50ರಿಂದ 60. ದಿನಕ್ಕೆ 3 ಅಥವಾ 5 ಸಲ ತಿರುಗಿಸುವುದು.

14 ದಿನ ತುಂಬಿದ ಮೇಲೆ: ತಿರುಗಿಸುವುದು ಬಂದ್. ಕೆಳಗೆ ಜಾರದ ಬಟ್ಟೆ ಹಾಸಿ. ತೇವ 65ರಿಂದ 75. ಉಷ್ಣತೆ 37ರಿಂದ 37.5.

16ರಿಂದ 18ನೇ ದಿನ: ಚಿಪ್ಪು ಕುಕ್ಕುವುದು, ಮರಿ ಹೊರಬರುವುದು. ಮುಚ್ಚಳ ತೆಗೆಯಬಾರದು.

ಕೈಯಿಂದ ತಿರುಗಿಸುವವರು ತತ್ತಿಯ ಒಂದು ಕಡೆ ಪೆನ್ಸಿಲಿನಿಂದ ಗುಣಾಕಾರ, ಇನ್ನೊಂದು ಕಡೆ ಸೊನ್ನೆ ಬರೆಯಿರಿ. ಬೆಸ ಸಂಖ್ಯೆ ಯಾಕೆ ಅಂದರೆ, ಉದ್ದನೆಯ ರಾತ್ರಿಯ ಹೊತ್ತು ಒಂದು ದಿನ ಒಂದು ಮಗ್ಗಲು, ಮರುದಿನ ಇನ್ನೊಂದು ಮಗ್ಗಲು ಬರಲಿ ಅಂತ. ಫೋನಿನಲ್ಲಿ ಅಲಾರಂ ಇಡಿ. ಪ್ರತಿ ಸಲ ತಿರುಗಿಸುವಾಗ ಮೀಟರಿನ ಫೋಟೋ ತೆಗೆಯಿರಿ. ಮರಿ ಬಾರದಿದ್ದರೆ ಎಲ್ಲಿ ಏರುಪೇರಾಯಿತು ಅಂತ ಆ ಫೋಟೋಗಳೇ ಹೇಳುತ್ತವೆ.

ನಮ್ಮ ಹವಾದಲ್ಲಿ ತೇವದ ಆಟ

ಕೋಣೆಯ ಗಾಳಿಯನ್ನು ಕಾಯಿಸಿದರೆ ಅದರ ತೇವದ ಪ್ರಮಾಣ ಬೀಳುತ್ತದೆ. ಚಳಿಗಾಲದಲ್ಲಿ ಕೋಣೆ 20 ಡಿಗ್ರಿ ಇದ್ದು ತೇವ 50 ಇದ್ದರೆ, ಅದೇ ಗಾಳಿ ಪೆಟ್ಟಿಗೆಯಲ್ಲಿ 37.5 ಡಿಗ್ರಿಗೆ ಏರಿದಾಗ ತೇವ ಸುಮಾರು 18ಕ್ಕೆ ಇಳಿಯುತ್ತದೆ. ಮಳೆಗಾಲದಲ್ಲಿ 26 ಡಿಗ್ರಿ, ತೇವ 80 ಇದ್ದರೂ ಪೆಟ್ಟಿಗೆಯೊಳಗೆ 42ರ ಹತ್ತಿರ. ಅಂದರೆ ನಮ್ಮಲ್ಲಿ ನೀರಿಲ್ಲದೆ ನಡೆಯುವ ಕಾಲವೇ ಇಲ್ಲ, ಆದರೆ ಎಷ್ಟು ನೀರು ಎಂಬುದು ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ.

ತೇವ ಹೆಚ್ಚಿಸಲು ನೀರು ಆಳವಾಗಿದ್ದರೆ ಸಾಲದು, ನೀರಿನ ಮೈ ಅಗಲವಾಗಬೇಕು. ಇನ್ನೊಂದು ತಟ್ಟೆ ಇಡಿ, ಇಲ್ಲವೇ ತಟ್ಟೆಯಲ್ಲಿ ಸ್ಪಂಜು ನಿಲ್ಲಿಸಿ. ತತ್ತಿಯ ಮೇಲೆ ನೀರು ಚಿಮುಕಿಸುವ ಅಗತ್ಯವಿಲ್ಲ. ಬೋರಿನ ಗಡಸು ನೀರಾದರೆ ಸ್ಪಂಜಿಗೆ ಸುಣ್ಣ ಕಟ್ಟುತ್ತದೆ, ಪ್ರತಿ ಸರತಿಗೆ ಬದಲಿಸಿ.

ಮೀಟರಿಗಿಂತ ನಂಬಿಗಸ್ತ ಪರೀಕ್ಷೆ ತೂಕ. ಕಾವಿನಲ್ಲಿ ತತ್ತಿಯೊಳಗಿನ ನೀರು ನಿಧಾನವಾಗಿ ಆವಿಯಾಗಬೇಕು, 14 ದಿನಕ್ಕೆ ತೂಕ ಸುಮಾರು 12 ಪ್ರತಿಶತ ಇಳಿದರೆ ಸರಿ. ಹತ್ತು ತತ್ತಿಗೆ ಗುರುತು ಹಾಕಿ ಗ್ರಾಮು ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿ. ಮೊದಲ ದಿನ ಒಟ್ಟು 115 ಗ್ರಾಂ ಇದ್ದರೆ, ಏಳನೇ ದಿನ 108 ಆಸುಪಾಸು, 14ಕ್ಕೆ 101 ಆಸುಪಾಸು ಬರಬೇಕು. ಏಳನೇ ದಿನಕ್ಕೇ 104 ಆಗಿದ್ದರೆ ಬಹಳ ಒಣಗಿದೆ, ನೀರು ಹೆಚ್ಚಿಸಿ. 112 ಇದ್ದರೆ ತಟ್ಟೆ ಚಿಕ್ಕದು ಮಾಡಿ.

ಬೇಸಿಗೆ ಮತ್ತು ಕರೆಂಟ್

ಮಷಿನ್ ಕಾಯಿಸುತ್ತದೆ, ತಂಪು ಮಾಡುವುದಿಲ್ಲ. ಕೋಣೆಯೇ 39 ಡಿಗ್ರಿ ಆದಾಗ ಥರ್ಮೋಸ್ಟ್ಯಾಟ್ ಬಲ್ಬು ಆರಿಸಿ ಸುಮ್ಮನಾಗುತ್ತದೆ, ತತ್ತಿ ಮಾತ್ರ ಬೇಯುತ್ತಿರುತ್ತದೆ. ಒಂದೆರಡು ತಾಸು ತಣ್ಣಗಾದರೆ ಜೀವ ತಡೆದುಕೊಳ್ಳುತ್ತದೆ. 40 ದಾಟಿದ ಬಿಸಿಯಲ್ಲಿ ಕೆಲ ತಾಸು ಇದ್ದರೆ ತಡೆಯುವುದಿಲ್ಲ. ಆದ್ದರಿಂದ ಮಾರ್ಚ್ ಕೊನೆಯಿಂದ ಮೃಗಶಿರಾ ಮಳೆ ಬರುವವರೆಗೆ ಆರ್‌ಸಿಸಿ ಮಾಳಿಗೆ ಕೆಳಗೆ, ಪತ್ರಾಸದ ಶೆಡ್ಡಿನಲ್ಲಿ ತತ್ತಿ ಇಡಬೇಡಿ ಅಂತ ನಾನು ಹೇಳುತ್ತೇನೆ. ಊರಲ್ಲಿ ಹಳೇ ಮಣ್ಣಿನ ಮಾಳಿಗೆ ಮನೆ, ದಪ್ಪ ಕಲ್ಲುಗೋಡೆಯ ಒಳಕೋಣೆ ಇದ್ದವರು ಮಾತ್ರ ಧೈರ್ಯ ಮಾಡಬಹುದು. ಅಂಥ ಕೋಣೆಯಲ್ಲಿ ಹಗಲು ರಾತ್ರಿ ಉಷ್ಣತೆ ಹೆಚ್ಚು ಏರಿಳಿಯುವುದಿಲ್ಲ, ವರ್ಷವಿಡೀ ಪೆಟ್ಟಿಗೆಗೆ ಅದೇ ಉತ್ತಮ ಜಾಗ.

ಚಳಿಗಾಲದ ರಾತ್ರಿ ಕರೆಂಟ್ ಹೋದರೆ ಪೆಟ್ಟಿಗೆ ಮುಚ್ಚಳ ತೆಗೆಯದೆ ಮೇಲೆ ಎರಡು ಕೌದಿ ಹೊದಿಸಿ, ಗಾಳಿ ತೂತು ಪೂರಾ ಮುಚ್ಚಬೇಡಿ. ತಾಸು ದಾಟಿದರೆ ಬಿಸಿನೀರು ತುಂಬಿದ ಬಾಟಲಿ ಎರಡು ಬಟ್ಟೆ ಸುತ್ತಿ ಮೂಲೆಗಿಡಿ, ತತ್ತಿಗೆ ತಾಗಬಾರದು. ಬೇಸಿಗೆ ಹಗಲಿನಲ್ಲಿ ಇದು ಉಲ್ಟಾ: ಮುಚ್ಚಳ ಸ್ವಲ್ಪ ಸರಿಸಿ ಗಾಳಿ ಬಿಡಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಒಂದು ಪಾಯಿಂಟ್ ಪೆಟ್ಟಿಗೆಗೆ ಎಳೆಸಿ.

ಹುಟ್ಟುವ ದಿನ

ಮೊದಲ ಮರಿ ಚಿಪ್ಪು ಒಡೆದ ಮೇಲೆ ಎಲ್ಲರೂ ಮಾಡುವ ಕೆಲಸ ಮುಚ್ಚಳ ತೆಗೆದು ವಿಡಿಯೋ ಮಾಡುವುದು. ಆಗ ತೇವ ಒಮ್ಮೆಲೇ ಹೊರಗೆ ಹೋಗಿ, ಅರ್ಧ ಒಡೆದ ತತ್ತಿಯ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಅದು ತಿರುಗಲಾರದೆ ಅಲ್ಲೇ ಸಾಯುತ್ತದೆ. ಗಾಜಿನ ಕಿಂಡಿಯಿಂದಲೇ ನೋಡಿ. ಚಿಪ್ಪು ಬಿಡಿಸಿ ಸಹಾಯ ಮಾಡಲೂ ಹೋಗಬೇಡಿ, ರಕ್ತನಾಳ ಹರಿಯುತ್ತದೆ.

ಹುಟ್ಟಿದ ಮರಿಗೆ ಹೊಟ್ಟೆಯಲ್ಲಿ ಹಳದಿ ಉಳಿದಿರುತ್ತದೆ, ಒಂದು ದಿನ ತಿನ್ನದಿದ್ದರೂ ನಡೆಯುತ್ತದೆ. ಮೈ ಒಣಗಿ ಉಬ್ಬಿದ ಮೇಲೆ ಎಲ್ಲವನ್ನೂ ಒಂದೇ ಸಲ ತೆಗೆಯಿರಿ. ಸಣ್ಣ ಹೊಟ್ಟೆ, ಏಳೆಂಟು ಗ್ರಾಮಿನ ಮರಿ. 18 ದಿನ ತುಂಬಿ ಇನ್ನೂ ಒಂದು ದಿನ ಕಾದರೂ ಬಾರದ ತತ್ತಿಯನ್ನು ಮನೆಯಿಂದ ದೂರ ಒಡೆದು ನೋಡಿ:

- ಒಳಗೆ ಏನೂ ಇಲ್ಲ: ಗಂಡಿನ ಕೊರತೆ, ಇಲ್ಲವೇ ಹಳೇ ತತ್ತಿ
- ರಕ್ತದ ಉಂಗುರ ಮಾತ್ರ: ಮೊದಲ ದಿನಗಳಲ್ಲೇ ಸತ್ತದ್ದು. ಕೂಡಿಸಿಡುವಾಗ ಬಿಸಿ ತಗುಲಿದ್ದು, ಇಲ್ಲವೇ ಆರಂಭದ ಏರುಪೇರು
- ಪೂರ್ತಿ ಬೆಳೆದ ಮರಿ, ಒಳಗೆ ನೀರು ನೀರು: ತೇವ ಹೆಚ್ಚಾಗಿದೆ, ಗಾಳಿ ಸಾಲದು
- ಕುಕ್ಕಿ ಸತ್ತ, ಪೊರೆ ಅಂಟಿದ ಮರಿ: ಕೊನೆಯ ದಿನಗಳಲ್ಲಿ ಒಣಗಿದೆ

ಹುಟ್ಟಿದ್ದಕ್ಕಿಂತ ಹುಟ್ಟದೇ ಉಳಿದ ತತ್ತಿಯೇ ಮುಂದಿನ ಸರತಿಗೆ ಪಾಠ. ನೋಡಿದ ಮೇಲೆ ಗುಂಡಿ ತೋಡಿ ಮುಚ್ಚಿ, ಸೋಪು ಹಚ್ಚಿ ಕೈ ತೊಳೆಯಿರಿ.

ಮೊದಲ ಹತ್ತು ದಿನ

ಮರಿ ಪೆಟ್ಟಿಗೆಯಲ್ಲಿ ಮೊದಲ ವಾರ 35ರಿಂದ 37 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳೇ ಥರ್ಮಾಮೀಟರ್: ಬಲ್ಬಿನ ಕೆಳಗೆ ಒತ್ತಾಗಿ ಕೂಡಿದರೆ ಚಳಿ, ಮೂಲೆಗೆ ಓಡಿ ಬಾಯಿ ತೆರೆದರೆ ಬಿಸಿ, ಹರಡಿಕೊಂಡು ಮೇಯ್ದರೆ ಸರಿ. ನುಣುಪು ಪೇಪರ್ ಹಾಸಬೇಡಿ, ಕಾಲು ಜಾರಿ ಕವಲೊಡೆದ ಮರಿ ಮತ್ತೆ ಏಳುವುದಿಲ್ಲ. ನೀರಿನ ಮುಚ್ಚಳದಲ್ಲಿ ಆಟದ ಗೋಲಿ ತುಂಬಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಜೋಳದ ನುಚ್ಚು ಒಂದನ್ನೇ ಹಾಕಿದರೆ ಬೆಳೆಯುವುದಿಲ್ಲ. ಕ್ವೇಲ್ ಮರಿಗೆ ಸುಮಾರು 24ರಿಂದ 27 ಪ್ರತಿಶತ ಪ್ರೋಟೀನ್ ಬೇಕು. ಚೀಲದ ಮೇಲಿನ ಅಂಕಿ ಓದಿ ಸ್ಟಾರ್ಟರ್ ತನ್ನಿ, ಮಿಕ್ಸಿಯಲ್ಲಿ ರವಾ ಹಾಗೆ ಮಾಡಿ ಕೊಡಿ. ಕೋಳಿಯ ಜೊತೆ ಒಂದೇ ಗೂಡಿನಲ್ಲಿ ಬಿಡಬೇಡಿ. ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತದೆ.

ದುಡ್ಡಿನ ಮಾತು

ಲೆಕ್ಕಕ್ಕೆ ಹೀಗೆ ಹಿಡಿಯೋಣ. 60 ತತ್ತಿ ಇಟ್ಟಿರಿ, ಅದರಲ್ಲಿ 50ಕ್ಕೆ ಜೀವ ಇತ್ತು, 40 ಮರಿ ಬಂತು. ಇದು ಮನೆಪೆಟ್ಟಿಗೆಗೆ ಒಳ್ಳೆಯ ಫಲವೇ. ಅದರಲ್ಲಿ ಅರ್ಧ ಗಂಡು. ಮೂರು ವಾರಕ್ಕೆ ಎದೆ ಕೆಂಚಗಾದರೆ ಗಂಡು, ಎದೆ ಮೇಲೆ ಕಪ್ಪು ಚುಕ್ಕಿ ಇದ್ದರೆ ಹೆಣ್ಣು. ಅಂದರೆ ತತ್ತಿ ಇಡುವುದು 20, ಅದೂ ಒಂದೂ ಸಾಯದಿದ್ದರೆ. ಆರೇಳು ವಾರಕ್ಕೆ ತತ್ತಿ ಶುರು, ಒಂದು ಹಕ್ಕಿಗೆ ದಿನಕ್ಕೆ 25ರಿಂದ 30 ಗ್ರಾಂ ಮೇವು. ನಿಮ್ಮೂರಿನ ಮೇವಿನ ದರ ಹಾಕಿ ಗುಣಿಸಿ ನೋಡಿ. "ತಿಂಗಳಿಗೆ ಲಕ್ಷ" ಅನ್ನುವ ವಿಡಿಯೋದಲ್ಲಿ ಈ ಅರ್ಧ ಗಂಡಿನ ಲೆಕ್ಕ ಇರುವುದಿಲ್ಲ.

ಮಾರಾಟ ಮೊದಲು, ಮರಿ ಆಮೇಲೆ. ಇಳಕಲ್, ಹುನಗುಂದದ ಹೆದ್ದಾರಿ ಧಾಬಾಗಳಲ್ಲಿ, ಬಾದಾಮಿಗೆ ಪ್ರವಾಸಿಗರು ಬರುವ ಹೋಟೆಲುಗಳಲ್ಲಿ, ಬಾಗಲಕೋಟೆಯ ಮಾಂಸದಂಗಡಿಗಳಲ್ಲಿ ನೀವೇ ಹೋಗಿ ವಿಚಾರಿಸಿ: ವಾರಕ್ಕೆ ಎಷ್ಟು ತಗೋತೀರಿ, ಯಾವ ದರಕ್ಕೆ? ಮೂರು ಕಡೆ ಹೌದು ಅಂದ ಮೇಲೆ ಸರತಿ ಶುರು ಮಾಡಿ. "ಮರಿ ನಮ್ಮ ಹತ್ರ ಕೊಳ್ರಿ, ಬೆಳೆದ ಮೇಲೆ ನಾವೇ ವಾಪಸ್ ತಗೋತೀವಿ" ಅನ್ನುವವರಿಗೆ ಮುಂಗಡ ಕೊಡುವ ಮುಂಚೆ ಎಮು ಕಥೆ ನೆನಪಿಸಿಕೊಳ್ಳಿ. ಇದೇ ಮಾತಿನ ಮೇಲೆ ನಿಂತಿದ್ದ ತಮಿಳುನಾಡಿನ ಎಮು ಕಂಪನಿಗಳು 2012ರಲ್ಲಿ ಬಾಗಿಲು ಹಾಕಿದಾಗ, ರೈತರ ಕೈಯಲ್ಲಿ ಮೇವಿಲ್ಲದ ಹಕ್ಕಿಗಳಷ್ಟೇ ಉಳಿದವು. ಹಾಗೆಯೇ ನೀವು ತತ್ತಿ ಮಾರುವಾಗ "ಸಕ್ಕರೆ ಕಾಯಿಲೆ ಹೋಗುತ್ತೆ, ಉಬ್ಬಸ ವಾಸಿಯಾಗುತ್ತೆ" ಅಂತ ಹೇಳಬೇಡ್ರಿ. ಒಳ್ಳೆಯ ತತ್ತಿ ಅಂತ ಮಾರಿದರೆ ಸಾಕು.

ಶುರು ಮಾಡುವವರಿಗೆ

ಸೆಪ್ಟೆಂಬರ್‌ದಿಂದ ಫೆಬ್ರವರಿವರೆಗೆ ನಮ್ಮ ಜಿಲ್ಲೆಗೆ ಒಳ್ಳೆಯ ಕಾಲ. ಮೊದಲ ಸರತಿಗೆ 30 ತತ್ತಿ ಸಾಕು. ಮೂರು ಸರತಿ ಸತತವಾಗಿ ಇಟ್ಟ ತತ್ತಿಯಲ್ಲಿ ನೂರಕ್ಕೆ 60ರ ಮೇಲೆ ಮರಿ ಬಂದರೆ ಮಾತ್ರ ದೊಡ್ಡ ಪೆಟ್ಟಿಗೆಗೆ ದುಡ್ಡು ಹಾಕಿ. ಮರಿ ಒಮ್ಮೆಲೇ ಸಾಯಲು ಶುರುವಾದರೆ ಅಂಗಡಿಯ ಔಷಧ ಹಾಕುತ್ತ ಕೂರಬೇಡಿ, ಪಶುಪಾಲನೆ ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಸತ್ತ ಮರಿಯನ್ನು ಚೀಲದಲ್ಲಿ ಕಟ್ಟಿ ಹತ್ತಿರದ ಪಶು ಆಸ್ಪತ್ರೆಗೆ ಅದೇ ದಿನ ಒಯ್ಯಿರಿ. ಬಾಗಲಕೋಟೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ತರಬೇತಿ ವಿಚಾರಿಸಬಹುದು.

ಇವತ್ತು ರಾತ್ರಿ ಮಾಡಬಹುದಾದ ಕೆಲಸ ಒಂದೇ: ಮುಚ್ಚಳದಲ್ಲಿ ಉಪ್ಪು ಹಾಕಿ ಮೀಟರನ್ನು ಚೀಲದಲ್ಲಿ ಕಟ್ಟಿಡಿ. ಬೆಳಗ್ಗೆ ಎಷ್ಟು ತೋರಿಸಿತು ಅಂತ ಬರೆದುಕೊಳ್ಳಿ. ತತ್ತಿ ತರುವುದು ಅದಾದ ಮೇಲೆ.